ನೆನಪಿಸುವ ಯಂತ್ರಕ್ಕೆ ಸುಮ್ಮನಿರಲೂ ಕಲಿಸಿ

ಚೌತಿ ಕಳೆದು ಮಳೆಯ ಬಿರುಸು ತಗ್ಗುತ್ತಿದ್ದಂತೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಹೋಮ್‌ಸ್ಟೇಗಳಿಗೆ, ಶರಾವತಿಯಲ್ಲಿ ದೋಣಿ ನಡೆಸುವವರಿಗೆ, ಮುರ್ಡೇಶ್ವರದ ಸ್ಕೂಬಾ ಡೈವಿಂಗ್‌ನವರಿಗೆ ಇಮೇಲ್‌ಗಳು ಬರತೊಡಗುತ್ತವೆ. ಬೆಂಗಳೂರಿನ ಕಂಪನಿಯೊಂದು ಇಪ್ಪತ್ತೈದು ಜನರಿಗೆ ಕಾಸರಕೋಡಿನಲ್ಲಿ ವಸತಿ ಕೇಳುತ್ತದೆ. ಪುಣೆಯ ಕುಟುಂಬ ನೇತ್ರಾಣಿ ದ್ವೀಪಕ್ಕೆ ಯಾವ ತಿಂಗಳಲ್ಲಿ ಹೋಗಬಹುದು ಎಂದು ವಿಚಾರಿಸುತ್ತದೆ. ಜರ್ಮನಿಯ ಜೋಡಿಗೆ ಗೋಕರ್ಣದ ಕುಡ್ಲೆ ತೀರದ ಹತ್ತಿರ ಒಂದು ತಿಂಗಳ ಮಟ್ಟಿಗೆ ಕೋಣೆ ಬೇಕು. ದುಬೈನಲ್ಲಿರುವ ಭಟ್ಕಳದ ಮನೆತನವೊಂದು ಡಿಸೆಂಬರಿನ ಮದುವೆಗೆ ಬರುವ ನೆಂಟರಿಗಾಗಿ ಕೋಣೆಗಳ ಲೆಕ್ಕ ಹಾಕುತ್ತಿದೆ. ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕ ಮೇಲೆ ಈ ಕರಾವಳಿಯ ಹೆಸರು ಹೊರಗಿನವರ ಕಿವಿಗೆ ಇನ್ನಷ್ಟು ಬಿದ್ದಿದೆ.

ಹೀಗೆ ಬಂದ ಪತ್ರಗಳ ಗತಿ ಏನಾಗುತ್ತದೆ ಎಂಬುದು ಇಲ್ಲಿಯವರಿಗೆಲ್ಲ ಗೊತ್ತು. "ನಾ ಮೇಲ್ ನೋಡುದ್ರೊಳಗೆ ಅವ್ರು ಬೇರೆ ಕಡೆ ರೂಮ್ ಮಾಡ್ಕಂಡಿದ್ರು" ಎಂಬ ಮಾತು ಪ್ರತಿ ಸೀಸನ್ನಿನಲ್ಲೂ ಕೇಳುತ್ತದೆ. ತಡವಾಗಿ ನೋಡಿದ್ದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮೊದಲ ಉತ್ತರವನ್ನೇನೋ ಕೂಡಲೇ ಬರೆದಿರುತ್ತಾರೆ, ಆ ಕಡೆಯಿಂದ ಸದ್ದಿರುವುದಿಲ್ಲ. ಮತ್ತೊಮ್ಮೆ ಕೇಳಿದರೆ ಬರುತ್ತಿದ್ದರೇನೋ. ಆದರೆ ತೋಟ, ಅಡುಗೆ, ಅತಿಥಿಗಳ ನಡುವೆ ಯಾರಿಗೆ ಯಾವತ್ತು ಏನು ಬರೆದೆವು ಎಂಬುದನ್ನು ನೆನಪಿಟ್ಟು ಎರಡನೇ ಪತ್ರ ಬರೆಯುವವರು ಯಾರು?

ಈ ಎರಡನೇ, ಮೂರನೇ ಪತ್ರವನ್ನು ಹೊತ್ತಿಗೆ ಸರಿಯಾಗಿ ತಾನೇ ಕಳುಹಿಸುವಂತೆ ಕಂಪ್ಯೂಟರಿಗೆ ಒಪ್ಪಿಸುವ ವ್ಯವಸ್ಥೆಗೆ ಫಾಲೋಅಪ್ ಸರಣಿ ಎನ್ನುತ್ತಾರೆ. ಇದಕ್ಕೆ ತಿಂಗಳ ಬಾಡಿಗೆಯ ಸಿದ್ಧ ಸೇವೆಗಳು ಬೇಕಾದಷ್ಟಿವೆ. ಅದನ್ನೇ ಸ್ವಂತವಾಗಿ, ಉಚಿತ ಕೋಡ್ ಲೈಬ್ರರಿಯೊಂದನ್ನು ಬಳಸಿ, ನಮ್ಮ ಊರಿನ ಹುಡುಗ ಹುಡುಗಿಯರೇ ಕಟ್ಟಿಕೊಡಬಹುದು. ನೋಡ್‌ಜೆಎಸ್‌ನಲ್ಲಿ ಬರೆಯುವವರಿಗೆ ಅಜೆಂಡಾ, ಬುಲ್‌ಎಂಕ್ಯೂ ಇವೆ. ಪೈಥಾನ್‌ನವರಿಗೆ ಸೆಲರಿ, ಎಪಿಶೆಡ್ಯೂಲರ್. ರೂಬಿಯವರಿಗೆ ಸೈಡ್‌ಕಿಕ್, ಜಾವಾದವರಿಗೆ ಕ್ವಾರ್ಟ್ಜ್. ಹೆಸರು ಬೇರೆಯಾದರೂ ಕೆಲಸ ಒಂದೇ: ಇಂಥ ಹೊತ್ತಿಗೆ ಇಂಥದ್ದನ್ನು ಮಾಡು ಎಂದು ಹೇಳಿದ್ದನ್ನು ಬರೆದಿಟ್ಟುಕೊಂಡು, ಹೊತ್ತು ಬಂದಾಗ ಮಾಡುವುದು.

ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲಿರುವಾಗ ಇಮೇಲ್ ಏಕೆ ಎಂದು ಕೇಳುವವರಿದ್ದಾರೆ. ಕಂಪನಿಗಳು, ಕಾಲೇಜುಗಳು, ವಿದೇಶಿಯರು ಇಂದಿಗೂ ವಿಚಾರಿಸುವುದು, ಬಿಲ್ಲು ಬಯಸುವುದು ಇಮೇಲ್‌ನಲ್ಲಿ. ವಾಟ್ಸ್‌ಆ್ಯಪ್‌ನ ವ್ಯಾಪಾರಿ ವ್ಯವಸ್ಥೆಯಲ್ಲಾದರೆ ಗ್ರಾಹಕ ಕೊನೆಯ ಸಂದೇಶ ಕಳುಹಿಸಿ 24 ಗಂಟೆ ಕಳೆದ ಮೇಲೆ ಮೊದಲೇ ಒಪ್ಪಿಗೆ ಪಡೆದ ಪಡಿಯಚ್ಚಿನ ಸಂದೇಶವನ್ನಷ್ಟೇ ಕಳುಹಿಸಬಹುದು. ಎರಡು ಕೋಣೆಯ ಮನೆಯವರಿಗೆ ಇದ್ಯಾವುದೂ ಬೇಡ, ಒಂದು ಡೈರಿ ಮತ್ತು ಮೊಬೈಲಿನ ಅಲಾರಂ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹತ್ತಾರು ಮನೆಗಳು ಒಟ್ಟಾಗಿ ಬುಕಿಂಗ್ ನೋಡಿಕೊಳ್ಳುವಲ್ಲಿ, ದಿನಕ್ಕೆ ನಾಲ್ಕಾರು ವಿಚಾರಣೆ ಬರುವ ಡೈವಿಂಗ್ ಕೇಂದ್ರದಲ್ಲಿ, ಲೈಬ್ರರಿಯ ಉಪಯೋಗ ನಿಜಕ್ಕೂ ಕಾಣುತ್ತದೆ.

ಪತ್ರ ವ್ಯವಹಾರ ಈ ತೀರಕ್ಕೆ ಹೊಸದೇನಲ್ಲ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬೈಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ಅಲ್ಲಿನ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟಾದ ಹೆಸರೇ ನಿಂತಿತ್ತು. ವ್ಯಾಪಾರವೆಂದ ಮೇಲೆ ಪತ್ರ, ಪತ್ರವೆಂದ ಮೇಲೆ ಮರುಪತ್ರ. ಇಮೇಲ್‌ನ ಚರಿತ್ರೆಯೂ ಅರ್ಧ ಶತಮಾನ ದಾಟಿದೆ. 1971ರಲ್ಲಿ ರೇ ಟಾಮ್ಲಿನ್ಸನ್ ಜಾಲದ ಮೂಲಕ ಮೊದಲ ಪತ್ರ ಕಳುಹಿಸಿದರು. ಏಳೇ ವರ್ಷಕ್ಕೆ, 1978ರ ಮೇ 3ರಂದು, ಅಮೆರಿಕದ ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ತಮ್ಮ ಕಂಪ್ಯೂಟರಿನ ಪ್ರಚಾರವನ್ನು ಸುಮಾರು 400 ಜನರಿಗೆ ಒಮ್ಮೆಗೇ ಕಳುಹಿಸಿ ಬೈಗುಳ ತಿಂದರು. ಕೇಳದವರಿಗೆ ಕಳುಹಿಸಿದ ಮೊದಲ ದೊಡ್ಡ ಮೇಲ್ ಅದು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವರ ಗೆಳೆಯ ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದರು. ಅದರಿಂದ ಹೊರಡುವ ಪ್ರತಿ ಪತ್ರದ ಬುಡದಲ್ಲಿ ಹಾಟ್‌ಮೇಲ್‌ಗೆ ಬನ್ನಿ ಎಂಬ ಒಂದು ಸಾಲು ತಾನಾಗಿ ಸೇರುತ್ತಿತ್ತು. ಮನುಷ್ಯ ಬರೆದ ಪತ್ರದೊಳಗೆ ಯಂತ್ರವೂ ಒಂದು ಸಾಲು ಬರೆಯುವುದಕ್ಕೆ ಜಗತ್ತು ಒಗ್ಗಿಕೊಂಡದ್ದು ಹೀಗೆ.

ಬರೆದಿಟ್ಟುಕೊಳ್ಳುವ ಜಾಗ

ಮಂದಾರ್ತಿ, ಕಟೀಲು ಯಕ್ಷಗಾನ ಮೇಳಗಳ ಹರಕೆ ಆಟವನ್ನು ಎಷ್ಟೋ ವರ್ಷ ಮೊದಲೇ ಗೊತ್ತುಮಾಡಿರಬೇಕಾಗುತ್ತದೆ. ಹರಕೆ ಹೇಳಿಕೊಂಡವರ ಸರದಿ ಬರುವ ಹೊತ್ತಿಗೆ ಮನೆಯಲ್ಲಿ ಮುಂದಿನ ತಲೆಮಾರು ಯಜಮಾನಿಕೆಗೆ ಬಂದಿರುವುದೂ ಉಂಟು. ಆದರೂ ಸರದಿ ತಪ್ಪುವುದಿಲ್ಲ, ಏಕೆಂದರೆ ಅದು ಇರುವುದು ದೇವಸ್ಥಾನದ ಪುಸ್ತಕದಲ್ಲಿ. ಗುಮಾಸ್ತರು ಬದಲಾದರೂ ಪುಸ್ತಕ ಉಳಿಯುತ್ತದೆ. ಸರಣಿ ಪತ್ರಗಳ ಕೋಡ್ ಬರೆಯುವವರು ಮೊದಲು ಎಡವುವುದು ಈ ಪುಸ್ತಕದ ವಿಷಯದಲ್ಲೇ.

ಎಪಿಶೆಡ್ಯೂಲರ್ ಲೈಬ್ರರಿಯನ್ನು ಹಾಗೆಯೇ ತಂದು ಹಚ್ಚಿದರೆ ಅದು ಮುಂದಿನ ಕೆಲಸಗಳ ಪಟ್ಟಿಯನ್ನು ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಮ್ ಒಮ್ಮೆ ನಿಂತು ಮತ್ತೆ ಶುರುವಾದರೆ ಪಟ್ಟಿ ಖಾಲಿ. ಜುಲೈ ತಿಂಗಳಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವ ನಮ್ಮ ಊರಲ್ಲಿ, ಮನೆಯ ಕಂಪ್ಯೂಟರಿನಲ್ಲೇ ಇದನ್ನು ನಡೆಸಿದವರಿಗೆ ಇದರ ಅನುಭವ ಬೇಗ ಆಗುತ್ತದೆ. ಪಟ್ಟಿಯನ್ನು ಡೇಟಾಬೇಸಿನಲ್ಲಿಟ್ಟರೂ ಇನ್ನೊಂದು ಸೂಕ್ಷ್ಮವಿದೆ. ಈಗ ಚಾಲ್ತಿಯಲ್ಲಿರುವ ಮೂರನೇ ಆವೃತ್ತಿಯಲ್ಲಿ, ತಡವಾದ ಕೆಲಸಕ್ಕೆ ಕೊಡುವ ರಿಯಾಯಿತಿ ಬರೀ ಒಂದು ಸೆಕೆಂಡು. ಹತ್ತು ಗಂಟೆಗೆ ಹೋಗಬೇಕಾದ ಪತ್ರದ ಹೊತ್ತಿನಲ್ಲಿ ಸರ್ವರ್ ಮಲಗಿದ್ದು ಹತ್ತೂವರೆಗೆ ಎದ್ದರೆ, ಹೊತ್ತು ಮೀರಿತು ಎಂದು ಅದು ಪತ್ರವನ್ನೇ ಕೈಬಿಡುತ್ತದೆ. ಕೆಲವು ತಾಸುಗಳ ರಿಯಾಯಿತಿ ಕೊಡಿ ಎಂದು ನಾವೇ ಹೇಳಬೇಕು.

ಇದಕ್ಕೆ ತದ್ವಿರುದ್ಧವಾದ ಅಪಾಯ ಸೆಲರಿಯಲ್ಲಿದೆ. ಸೆಲರಿ ಒಳ್ಳೆಯ ಲೈಬ್ರರಿ, ಜಗತ್ತಿನ ದೊಡ್ಡ ದೊಡ್ಡ ತಾಣಗಳು ಅದನ್ನು ನಂಬಿ ನಡೆದಿವೆ. ಆದರೆ ಕೆಲಸಗಳ ಸಾಲನ್ನು ರೆಡಿಸ್ ಎಂಬ ಡೇಟಾಬೇಸಿನಲ್ಲಿಟ್ಟು ಬಳಸುವಾಗ, ತೆಗೆದುಕೊಂಡ ಕೆಲಸವನ್ನು ಒಂದು ಗಂಟೆಯೊಳಗೆ ಮುಗಿಸಿದ್ದೇನೆ ಎಂದು ಹೇಳದಿದ್ದರೆ ಅದೇ ಕೆಲಸವನ್ನು ಮತ್ತೊಂದು ವರ್ಕರ್‌ಗೆ, ಅಂದರೆ ಕೆಲಸ ಮಾಡುವ ಇನ್ನೊಂದು ಪ್ರೋಗ್ರಾಮಿಗೆ, ಕೊಡುವುದು ಅದರ ಪದ್ಧತಿ. ಎರಡು ದಿನದ ನಂತರ ಕಳುಹಿಸು ಎಂದು ಒಪ್ಪಿಸಿದ ಪತ್ರ ಎರಡು ದಿನ ಕಾಯುತ್ತಿರುವಾಗ, ಗಂಟೆಗೊಮ್ಮೆ ಅದರ ಇನ್ನೊಂದು ಪ್ರತಿ ಹುಟ್ಟುತ್ತ ಹೋಗಬಹುದು. ಹೊತ್ತು ಬಂದಾಗ ಒಂದೇ ಮನೆಗೆ ಒಂದೇ ಪತ್ರ ಹತ್ತಾರು ಸಲ ಹೋಗುತ್ತದೆ. ಸೆಲರಿಯ ಕೈಪಿಡಿಯೇ ಈ ಬಗ್ಗೆ ಎಚ್ಚರಿಸಿದೆ. ಕೈಪಿಡಿ ಓದದೆ ಕಟ್ಟಿದವರ ಅತಿಥಿಗಳು ಮಾತ್ರ ಬೇಸತ್ತು ಹೋಗುತ್ತಾರೆ.

ಲೈಬ್ರರಿಯ ಗೊಡವೆಯೇ ಬೇಡ, ಜಾವಾಸ್ಕ್ರಿಪ್ಟಿನ ಸೆಟ್‌ಟೈಮ್‌ಔಟ್ ಸಾಕು ಎನ್ನುವವರೂ ಇದ್ದಾರೆ. ಅದು ಕಾಯುವ ಹೊತ್ತನ್ನು ಮಿಲಿಸೆಕೆಂಡುಗಳಲ್ಲಿ ಎಣಿಸುತ್ತದೆ, ಅದಕ್ಕೆ ಎಣಿಸಲು ಬರುವ ಅತಿ ದೊಡ್ಡ ಸಂಖ್ಯೆ 2,147,483,647. ದಿನದ ಲೆಕ್ಕದಲ್ಲಿ 25ಕ್ಕೆ ತುಸು ಕಡಿಮೆ. ಒಂದು ತಿಂಗಳ ನಂತರ ಕಳುಹಿಸು ಎಂದರೆ ಸಂಖ್ಯೆ ಅದರ ಮಿತಿ ಮೀರುತ್ತದೆ, ಆಗ ನೋಡ್‌ಜೆಎಸ್ ಕಾಯುವುದನ್ನೇ ಬಿಟ್ಟು ಒಂದು ಮಿಲಿಸೆಕೆಂಡಿಗೆ ಕೆಲಸ ಮುಗಿಸುತ್ತದೆ. "ನಮ್ಮಲ್ಲಿ ಉಳಿದು ಹೋಗಿ ತಿಂಗಳಾಯಿತು, ಹೇಗಿದ್ದೀರಿ" ಎಂಬ ಪತ್ರ ಅತಿಥಿ ಇನ್ನೂ ಅಂಗಳದಲ್ಲಿ ಚೀಲ ಕಟ್ಟುತ್ತಿರುವಾಗಲೇ ಅವರ ಮೊಬೈಲಿಗೆ ಬಂದು ಬಿದ್ದಿರುತ್ತದೆ.

ಹಾಗಾದರೆ ಹೇಗೆ ಕಟ್ಟಬೇಕು? ನಾನು ಮೆಚ್ಚುವ ಕ್ರಮ ಇದು. ಒಂದು ವಿಚಾರಣೆ ಬಂದ ಕೂಡಲೇ ಮುಂದಿನ ನಾಲ್ಕು ಪತ್ರಗಳನ್ನು ಒಟ್ಟಿಗೆ ಸಾಲಿಗೆ ಹಚ್ಚಬಾರದು. ಮುಂದಿನ ಒಂದನ್ನಷ್ಟೇ ಬರೆದಿಡಬೇಕು. ಡೇಟಾಬೇಸಿನಲ್ಲಿ ಪ್ರತಿ ವಿಚಾರಣೆಗೂ ಒಂದು ಸಾಲು: ಯಾರು, ಯಾವ ದಿನಾಂಕಕ್ಕೆ ಕೇಳಿದ್ದು, ಎಷ್ಟನೇ ಪತ್ರ ಹೋಗಿದೆ, ಮುಂದಿನದು ಯಾವಾಗ, ಈಗ ಅವರ ಸ್ಥಿತಿ ಏನು. ಅಜೆಂಡಾದಂಥ ಲೈಬ್ರರಿ ಏನೂ ಹೇಳದಿದ್ದರೂ ಐದೈದು ಸೆಕೆಂಡಿಗೆ ಡೇಟಾಬೇಸನ್ನು ನೋಡುತ್ತದೆ. ಹೋಮ್‌ಸ್ಟೇಗೆ ಹತ್ತು ನಿಮಿಷಕ್ಕೊಮ್ಮೆ ನೋಡಿದರೂ ಧಾರಾಳ. ಹೊತ್ತಾಗಿರುವ ಸಾಲು ಸಿಕ್ಕಿದರೆ, ಕಳುಹಿಸುವ ಆ ಕ್ಷಣದಲ್ಲಿ ಮತ್ತೊಮ್ಮೆ ಕೇಳಿಕೊಳ್ಳಬೇಕು: ಇವರು ಉತ್ತರಿಸಿದ್ದಾರೆಯೇ? ಬುಕ್ ಮಾಡಿದ್ದಾರೆಯೇ? ಬೇಡ ಎಂದಿದ್ದಾರೆಯೇ? ಆ ಕೋಣೆ ಇನ್ನೂ ಖಾಲಿ ಇದೆಯೇ? ಮೂರು ದಿನದ ಹಿಂದೆ ಸಾಲಿಗೆ ಹಚ್ಚುವಾಗ ಇದ್ದ ಉತ್ತರಗಳು ಈಗ ಬದಲಾಗಿರಬಹುದು.

ಒಂದೇ ಪತ್ರ ಎರಡು ಸಲ ಹೋಗದಿರಲು, ವಿಚಾರಣೆಯ ಸಂಖ್ಯೆ ಮತ್ತು ಪತ್ರದ ಕ್ರಮಸಂಖ್ಯೆ ಸೇರಿಸಿ ಒಂದು ಗುರುತು ಮಾಡಿ, ಆ ಗುರುತು ಡೇಟಾಬೇಸಿನಲ್ಲಿ ಎರಡನೇ ಸಲ ಬರಕೂಡದು ಎಂದು ಕಟ್ಟು ಹಾಕಬೇಕು. ಬುಲ್‌ಎಂಕ್ಯೂನಲ್ಲಿ ಪ್ರತಿ ಕೆಲಸಕ್ಕೂ ನಾವೇ ಗುರುತು ಕೊಡಬಹುದು, ಸಾಲಿನಲ್ಲಿ ಅದೇ ಗುರುತಿನ ಕೆಲಸ ಇರುವವರೆಗೆ ಎರಡನೆಯದನ್ನು ಅದು ಸೇರಿಸುವುದಿಲ್ಲ. ಇಷ್ಟಾದರೂ ಒಂದು ಇಕ್ಕಟ್ಟು ಉಳಿಯುತ್ತದೆ. ಪತ್ರ ಹೋಯಿತು, ಹೋಯಿತು ಎಂದು ಬರೆಯುವ ಮುನ್ನ ಕರೆಂಟು ಹೋಯಿತು ಎನ್ನಿ. ಎದ್ದ ಮೇಲೆ ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಮೊದಲೇ ಬರೆದಿಟ್ಟು ಆಮೇಲೆ ಕಳುಹಿಸಿದರೆ ಪತ್ರ ಹೋಗದೇ ಉಳಿಯಬಹುದು, ಕಳುಹಿಸಿ ಆಮೇಲೆ ಬರೆದರೆ ಎರಡು ಸಲ ಹೋಗಬಹುದು. ಎರಡೂ ಆಗದಂಥ ಪರಿಹಾರ ಇಲ್ಲ. ಪತ್ರ ಯಾವುದು ಎಂದು ನೋಡಿ ಆರಿಸಿಕೊಳ್ಳಬೇಕು. "ಬರುತ್ತೀರಾ" ಎಂದು ಕೇಳುವ ಪತ್ರ ಒಮ್ಮೆ ತಪ್ಪಿದರೆ ಆಕಾಶ ಬೀಳುವುದಿಲ್ಲ. "ನಾಳೆ ಸಮುದ್ರ ಸರಿಯಿಲ್ಲ, ದೋಣಿ ಹೊರಡುವುದಿಲ್ಲ" ಎಂಬ ಪತ್ರ ಎರಡು ಸಲ ಹೋದರೂ ಚಿಂತೆಯಿಲ್ಲ, ತಪ್ಪಬಾರದು.

ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿ?

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ರಾಷ್ಟ್ರೀಯ ಹೆದ್ದಾರಿ 66 ಮಣ್ಣಿನಡಿ ಸೇರಿತು, ಜೀವಗಳು ಹೋದವು, ಗಂಗಾವಳಿ ನದಿಯಲ್ಲಿ ಹುಡುಕಾಟ ವಾರಗಟ್ಟಲೆ ನಡೆಯಿತು. ಕುಮಟಾ ಅಂಕೋಲಾ ನಡುವಿನ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಶಾಲಾ ವಿದ್ಯಾರ್ಥಿನಿಯರು ನೀರುಪಾಲಾದರು, ಆ ಬಳಿಕ ಕಡಲತೀರವನ್ನು ಪ್ರವಾಸಿಗರಿಗೆ ಮುಚ್ಚಲಾಯಿತು.

ಇಂಥ ಹೊತ್ತಿನಲ್ಲಿ ಯಂತ್ರ ಏನು ಮಾಡುತ್ತದೆ ಎಂದು ಯೋಚಿಸಿ. ವಾರದ ಹಿಂದೆ ಒಪ್ಪಿಸಿದ ಕೆಲಸ ಅದಕ್ಕಿದೆ. "ಹೆದ್ದಾರಿ 66ರಲ್ಲಿ ಆರಾಮವಾಗಿ ಬನ್ನಿ, ಸಂಜೆಯ ಕಡಲು ನಿಮಗಾಗಿ ಕಾದಿದೆ" ಎಂಬ ಪತ್ರವನ್ನು ಅದು ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಕಳುಹಿಸುತ್ತದೆ. ಅದಕ್ಕೆ ಗುಡ್ಡವೂ ಕಾಣದು, ಕಡಲೂ ಕಾಣದು. ಆ ಪತ್ರ ಓದಿದವರಿಗೆ ಬರೆದವರ ಬಗ್ಗೆ ಉಳಿಯುವ ಭಾವನೆಯನ್ನು ಯಾವ ರಿಯಾಯಿತಿ ದರವೂ ಅಳಿಸುವುದಿಲ್ಲ. ಆದ್ದರಿಂದ ಈ ಕರಾವಳಿಯಲ್ಲಿ ಕಟ್ಟುವ ಯಾವುದೇ ಸರಣಿಗೆ ಮೊದಲು ಬೇಕಾದದ್ದು ಎಲ್ಲವನ್ನೂ ಒಮ್ಮೆಗೇ ತಡೆಹಿಡಿಯುವ ಒಂದು ಸ್ವಿಚ್. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಾಗ, ಜಿಲ್ಲಾಡಳಿತ ತೀರ ಮುಚ್ಚಿದಾಗ, ಮನೆಯಲ್ಲಿ ಸೂತಕವಾದಾಗ, ಅದನ್ನು ಒತ್ತಿದರೆ ಒಂದು ಪತ್ರವೂ ಹೊರಡಬಾರದು. ಮತ್ತೆ ತೆರೆದಾಗ ತಡೆದಿಟ್ಟ ಪತ್ರಗಳೆಲ್ಲ ಒಟ್ಟಿಗೆ ನುಗ್ಗಬಾರದು. ಪ್ರತಿಯೊಂದನ್ನೂ ಹೊಸದಾಗಿ ಕೇಳಿ ನೋಡಿಯೇ ಬಿಡಬೇಕು.

ಅತಿಥಿಯ ಉತ್ತರ ಬಂದಾಗ ಸರಣಿ ನಿಲ್ಲಬೇಕು, ಇದು ಎಲ್ಲರೂ ಹೇಳುವ ಮಾತು. ಇದನ್ನು ಗುರುತಿಸುವುದಕ್ಕೆ ಇಮೇಲ್‌ನಲ್ಲೇ ಏರ್ಪಾಡಿದೆ. ಹೊರಡುವ ಪ್ರತಿ ಪತ್ರಕ್ಕೂ ಒಂದು ಗುರುತುಸಂಖ್ಯೆ ಇರುತ್ತದೆ, ಉತ್ತರ ಬರೆದಾಗ ಅದರ ತಲೆಭಾಗದಲ್ಲಿ ಯಾವ ಪತ್ರಕ್ಕೆ ಉತ್ತರ ಎಂದು ಅದೇ ಸಂಖ್ಯೆ ನಮೂದಾಗಿರುತ್ತದೆ. ಎರಡನ್ನೂ ಹೊಂದಿಸಿದರಾಯಿತು. ಇಲ್ಲೂ ಒಂದು ಎಚ್ಚರ ಬೇಕು: "ನಾನು ರಜೆಯಲ್ಲಿದ್ದೇನೆ" ಎಂದು ಅತಿಥಿಯ ಯಂತ್ರ ಕಳುಹಿಸುವ ಉತ್ತರ ಅತಿಥಿಯ ಉತ್ತರವಲ್ಲ. ಅಂಥ ಪತ್ರದ ತಲೆಭಾಗದಲ್ಲಿ ಇದು ತಾನಾಗಿ ಹೊರಟದ್ದು ಎಂದು ಗುರುತು ಹಾಕಬೇಕೆಂಬ ನಿಯಮ 2004ರಿಂದ ಇದೆ. ಅದನ್ನು ನೋಡದ ಕೋಡ್ ನಿಜವಾದ ಗಿರಾಕಿಯನ್ನು ಕಳೆದುಕೊಳ್ಳುತ್ತದೆ. ಕೆಟ್ಟದಾಗಿ ಬರೆದಿದ್ದರೆ ಎರಡು ಯಂತ್ರಗಳು ರಾತ್ರಿಯಿಡೀ ಒಂದಕ್ಕೊಂದು ಉತ್ತರ ಬರೆಯುತ್ತ ಕೂರುತ್ತವೆ.

ಆದರೆ ನಮ್ಮ ಕಡೆ ಉತ್ತರ ಬರುವುದು ಇಮೇಲ್‌ನಲ್ಲೇ ಎಂದು ಯಾರು ಹೇಳಿದರು? ಇಮೇಲ್ ಓದಿದ ಅತಿಥಿ ಕೆಳಗಿರುವ ನಂಬರಿಗೆ ಫೋನ್ ಮಾಡುತ್ತಾರೆ. ಫೋನ್ ಎತ್ತುವುದು ಅಡುಗೆಮನೆಯಲ್ಲಿರುವ ಮನೆಯೊಡತಿ. "ಅಕ್ಕಾ, ನಾವು ಶನಿವಾರ ಸಂಜೆ ಬರ್ತೇವೆ, ನಾಲ್ಕು ಜನ." "ಅಡ್ಡಿಲ್ಲ ಬನ್ನಿ, ಮೀನು ತಿಂತ್ರಾ, ಸಸ್ಯಾಹಾರವೋ?" ಮಾತು ಮುಗಿಯಿತು, ಬುಕಿಂಗೂ ಆಯಿತು. ಯಂತ್ರಕ್ಕೆ ಇದು ಗೊತ್ತೇ ಇಲ್ಲ. ಶುಕ್ರವಾರ ಬೆಳಗ್ಗೆ ಅದು "ನಿಮ್ಮಿಂದ ಉತ್ತರ ಬಂದಿಲ್ಲ, ಕೋಣೆಯನ್ನು ಬೇರೆಯವರಿಗೆ ಕೊಡುತ್ತಿದ್ದೇವೆ" ಎಂದು ಬರೆಯುತ್ತದೆ. ಅತಿಥಿ ಗಾಬರಿಯಾಗಿ ಮತ್ತೆ ಫೋನ್ ಮಾಡುತ್ತಾರೆ, ಇಲ್ಲವೇ ಸಿಟ್ಟಾಗಿ ಬೇರೆಡೆ ಹೋಗುತ್ತಾರೆ.

ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುವವರಿಗೆ ಈ ಅಡುಗೆಮನೆ ಕಾಣುವುದಿಲ್ಲ. ನಿಲ್ಲಿಸುವ ಗುಂಡಿ ಇರಬೇಕಾದದ್ದು ಫೋನ್ ಎತ್ತುವವರ ಕೈಯಲ್ಲಿ. ಲ್ಯಾಪ್‌ಟಾಪಿನ ಡ್ಯಾಶ್‌ಬೋರ್ಡ್, ಪಾಸ್‌ವರ್ಡು, ಇಂಗ್ಲಿಷ್ ಮೆನು ಇವೆಲ್ಲ ಆಕೆಗೆ ಅಡ್ಡಿ. ಮೊಬೈಲಿನಲ್ಲಿ ಒಂದೇ ಪರದೆ, ಉತ್ತರಕ್ಕಾಗಿ ಕಾಯುತ್ತಿರುವವರ ಹೆಸರು, ಪ್ರತಿ ಹೆಸರಿನ ಮುಂದೆ ದೊಡ್ಡ ಕನ್ನಡ ಅಕ್ಷರದಲ್ಲಿ "ಬರ್ತಾರೆ", "ಬರೋದಿಲ್ಲ" ಎಂಬ ಎರಡು ಗುಂಡಿ. ಹಿಟ್ಟಿನ ಕೈಯಲ್ಲೂ ಒತ್ತುವಂತಿರಬೇಕು. ಇಷ್ಟನ್ನು ಕಟ್ಟಲು ಒಂದು ದಿನ ಸಾಕು, ಇದಿಲ್ಲದ ಸರಣಿ ಎಷ್ಟೇ ಜಾಣತನದ್ದಾಗಿರಲಿ ಮನೆಗೆ ಕೆಟ್ಟ ಹೆಸರು ತರುತ್ತದೆ.

ಗಡಿಯಾರ ಮತ್ತು ಮಳೆಗಾಲ

ಎರಡು ದಿನ ಬಿಟ್ಟು ಕಳುಹಿಸು ಎಂದರೆ ಲೈಬ್ರರಿ ಸರಿಯಾಗಿ 48 ಗಂಟೆ ಎಣಿಸುತ್ತದೆ. ರಾತ್ರಿ ಒಂದೂ ಮುಕ್ಕಾಲಿಗೆ ಬಂದ ವಿಚಾರಣೆಗೆ ರಾತ್ರಿ ಒಂದೂ ಮುಕ್ಕಾಲಿಗೇ ಮರುಪತ್ರ. ಓದುವವರ ಊರಿನ ಬೆಳಗಿಗೆ ಪತ್ರ ತಲುಪಬೇಕಾದರೆ ಅವರ ಊರಿನ ಗಡಿಯಾರ ಗೊತ್ತಿರಬೇಕು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ ಗಂಟೆ ಹಿಂದೆ. ಜರ್ಮನಿಯ ಅಂತರ ವರ್ಷವಿಡೀ ಒಂದೇ ಇರುವುದಿಲ್ಲ. ಅಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ, ಮಾರ್ಚಿನ ಕೊನೆಯ ಭಾನುವಾರ ಮುಂದೆ. ಗೋಕರ್ಣದ ಸೀಸನ್ ಇರುವುದು ಈ ಎರಡು ಭಾನುವಾರಗಳ ನಡುವೆ. ನಮ್ಮ ದೇಶದಲ್ಲಿ ಈ ಪದ್ಧತಿ ಇಲ್ಲದ್ದರಿಂದ ನಮ್ಮವರು ಬರೆಯುವ ಕೋಡ್‌ನಲ್ಲಿ ಇದು ಸಾಮಾನ್ಯವಾಗಿ ಮರೆತುಹೋಗಿರುತ್ತದೆ. ಎಷ್ಟು ಗಂಟೆ ವ್ಯತ್ಯಾಸ ಎಂದು ಬರೆದಿಡುವ ಬದಲು ಬರ್ಲಿನ್, ಕೋಲ್ಕತ್ತ, ದುಬೈ ಎಂದು ವಲಯದ ಹೆಸರನ್ನೇ ಬರೆದಿಟ್ಟರೆ ಉಳಿದದ್ದನ್ನು ಲೈಬ್ರರಿ ನೋಡಿಕೊಳ್ಳುತ್ತದೆ.

ಭಟ್ಕಳದವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಯುಎಇ 2022ರ ಜನವರಿ 1ರಿಂದ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಿಸಿತು. ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ ಕೆಲಸ. ಸೌದಿಯಲ್ಲಿ 2013ರಿಂದ ಶುಕ್ರವಾರ ಮತ್ತು ಶನಿವಾರ ರಜೆ. ಗಲ್ಫ್ ಎಂದು ಒಂದೇ ಪಟ್ಟಿ ಮಾಡಿ ಎಲ್ಲರಿಗೂ ಭಾನುವಾರ ಕಚೇರಿ ಹೊತ್ತಿನಲ್ಲಿ ಪತ್ರ ಕಳುಹಿಸಿದರೆ ರಿಯಾದಿನವರು ಕೆಲಸದಲ್ಲಿರುತ್ತಾರೆ, ದುಬೈಯವರು ಮಲಗಿರುತ್ತಾರೆ.

ನಮ್ಮದೇ ಪಂಚಾಂಗವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಮೀನಿಗಿಳಿಯುವುದಿಲ್ಲ. ಮಳೆಗಾಲದಲ್ಲಿ ನೇತ್ರಾಣಿಯ ಡೈವಿಂಗ್ ಇರುವುದಿಲ್ಲ, ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ತೆರೆದ ಕಡಲಿನಲ್ಲಿ ಹೋಗಬೇಕಾದ ಜಾಗ ಅದು. ಕೊಂಕಣ ರೈಲ್ವೆ ಜೂನ್‌ನಿಂದ ಅಕ್ಟೋಬರ್‌ವರೆಗೆ ವೇಗ ತಗ್ಗಿಸಿ ಮಳೆಗಾಲದ ವೇಳಾಪಟ್ಟಿ ಹಾಕುತ್ತದೆ. ಹೊನ್ನಾವರ ನಿಲ್ದಾಣಕ್ಕೆ ರೈಲು ಇಷ್ಟು ಗಂಟೆಗೆ ಬರುತ್ತದೆ, ಗಾಡಿ ಕಳುಹಿಸುತ್ತೇವೆ ಎಂದು ಪಡಿಯಚ್ಚಿನಲ್ಲಿ ಒಂದೇ ಸಮಯ ಬರೆದಿಟ್ಟವರ ಅತಿಥಿಗಳು ನಿಲ್ದಾಣದಲ್ಲಿ ಕಾಯುತ್ತ ಕೂರಬೇಕಾಗುತ್ತದೆ. ಶರಾವತಿಯ ಕಾಂಡ್ಲಾ ವನದ ದೋಣಿ ವಿಹಾರಕ್ಕೆ ಉಬ್ಬರ ಇಳಿತದ ಹೊತ್ತು ದಿನದಿಂದ ದಿನಕ್ಕೆ ಸರಿಯುತ್ತದೆ. ಇವೆಲ್ಲ ಬದಲಾಗುವ ಮಾಹಿತಿ. ಪತ್ರ ಹೊರಡುವ ಕ್ಷಣದಲ್ಲಿ ತುಂಬಿಕೊಳ್ಳುವಂತೆ ಕೋಡ್ ಇರಬೇಕು.

ಕನ್ನಡದಲ್ಲೇ ಬರೆಯಲು ಏನು ಅಡ್ಡಿ?

ಕರ್ನಾಟಕದೊಳಗಿಂದ ಬರುವ ವಿಚಾರಣೆಗಳಿಗೂ ಇಂಗ್ಲಿಷಿನಲ್ಲಿ ಸರಣಿ ಪತ್ರ ಹೋಗುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಕನ್ನಡದಲ್ಲಿ ಕಳುಹಿಸಿದರೆ ಒಡೆದುಹೋಗುತ್ತದೆ ಎಂಬ ಹಳೆಯ ಹೆದರಿಕೆ ಇನ್ನೂ ಇದೆ. ಅದಕ್ಕೆ ಕಾರಣವೂ ಇತ್ತು. ಇಮೇಲ್‌ನ ಶೀರ್ಷಿಕೆ ಸಾಲು ಮೊದಲಿಂದಲೂ ಇಂಗ್ಲಿಷ್ ಅಕ್ಷರಗಳಿಗಷ್ಟೇ ಮಾಡಿದ್ದು. ಬೇರೆ ಲಿಪಿಯನ್ನು ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿ ಬದಲಿಸಿ ತುಂಡು ತುಂಡಾಗಿ ಕಳುಹಿಸಬೇಕು, ಒಂದು ತುಂಡು 75 ಅಕ್ಷರ ಮೀರಬಾರದು ಎಂಬ ನಿಯಮ 1996ರದ್ದು. "ಹೊನ್ನಾವರ" ಎಂಬ ಹೆಸರು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡಿಗೆ ಅದು ಎಂಟು ಸಂಕೇತ, ಒಂದಕ್ಕೆ ಮೂರರಂತೆ 24 ಬೈಟು. ಲೆಕ್ಕ ಹಾಕಿದರೆ ಒಂದು ತುಂಡಿನಲ್ಲಿ ಹಿಡಿಸುವುದು 15 ಕನ್ನಡ ಸಂಕೇತ ಮಾತ್ರ. ಬೈಟುಗಳನ್ನು ಕುರುಡಾಗಿ ಕತ್ತರಿಸಿದರೆ ಒಂದು ಸಂಕೇತದ ಮಧ್ಯೆಯೇ ಕತ್ತರಿ ಬಿದ್ದು ಓದುವವರಿಗೆ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ನೋಡ್‌ಮೇಲರ್‌ನಂಥ ಲೈಬ್ರರಿಗಳು, ಪೈಥಾನಿನ ಒಳಗಿನ ಇಮೇಲ್ ಘಟಕ, ಈ ಕತ್ತರಿಸುವ ಕೆಲಸವನ್ನು ತಾವೇ ಮಾಡಿಕೊಡುತ್ತವೆ. ಕೈಯಾರೆ ಮಾಡಲು ಹೋಗದಿದ್ದರೆ ಸಾಕು.

ಹೆಸರು ತುಂಬುವ ಕಡೆ ಮಾತ್ರ ಕನ್ನಡಕ್ಕೆ ತಕ್ಕ ಜಾಣ್ಮೆ ಬೇಕು. ಹೆಸರಿನ ಬಾಲಕ್ಕೆ ವಿಭಕ್ತಿ ಹಚ್ಚಲು ಹೋದರೆ ಯಂತ್ರ ಸೋಲುತ್ತದೆ. ಎಲ್ಲ ಹೆಸರಿನ ಮುಂದೆಯೂ "ಅವರೇ", "ಅವರಿಗೆ" ಎಂದು ಬರೆದರೆ ಗೌರವವೂ ಆಯಿತು, ವ್ಯಾಕರಣವೂ ಉಳಿಯಿತು. ಇಂಥದ್ದೊಂದು ಎರಡನೇ ಪತ್ರ ಹೀಗಿರಬಹುದು:

"ನಮಸ್ಕಾರ. ನವೆಂಬರ್ 14ರಿಂದ ಎರಡು ದಿನಕ್ಕೆ ಕೋಣೆ ಕೇಳಿದ್ದಿರಿ. ಹೊಳೆ ಕಡೆಯ ಕೋಣೆ ಇವತ್ತಿಗೂ ಖಾಲಿ ಇದೆ. ಬರುವುದಾದರೆ ಸೋಮವಾರದೊಳಗೆ ತಿಳಿಸಿ. ಬರಲಾಗದಿದ್ದರೆ ಕೆಳಗಿನ 'ಬರುವುದಿಲ್ಲ' ಒತ್ತಿ, ಮತ್ತೆ ಬರೆದು ತೊಂದರೆ ಕೊಡುವುದಿಲ್ಲ."

ನಾಲ್ಕು ಸಾಲು, ಒಂದು ದಿನಾಂಕ, ಬೇಡ ಎನ್ನಲು ಒಂದು ದಾರಿ. ಇದಕ್ಕೆ ಉತ್ತರ ಬಾರದಿದ್ದರೆ ವಾರದ ನಂತರ ಇನ್ನೊಂದು ಬರೆಯಬಹುದು. ಅಲ್ಲಿಗೆ ಮುಗಿಯಬೇಕು. ಏಳು ಪತ್ರ, ಹನ್ನೊಂದು ಪತ್ರ ಕಳುಹಿಸಿ ಎಂದು ಮಾರಾಟ ಕಲಿಸುವವರು ಹೇಳುತ್ತಾರೆ. ಮನೆಗೆ ಬರುವ ಅತಿಥಿಯನ್ನು ಹಾಗೆ ಬೆನ್ನಟ್ಟುವುದು ನಮ್ಮ ಕಡೆಯ ರೀತಿಯಲ್ಲ.

ಬೆನ್ನಟ್ಟುವುದಕ್ಕೆ ಅಂಚೆಯ ಹೆಬ್ಬಾಗಿಲೂ ಈಗ ಬಿಡುವುದಿಲ್ಲ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಯಾವ ಸರ್ವರ್ ನಿಮ್ಮ ಹೆಸರಿನಲ್ಲಿ ಕಳುಹಿಸಬಹುದು ಎಂಬ ಪಟ್ಟಿ, ಪತ್ರದ ಮೇಲೆ ಡಿಜಿಟಲ್ ಮುದ್ರೆ, ಇವೆರಡೂ ಹೊಂದದಿದ್ದರೆ ಏನು ಮಾಡಬೇಕೆಂಬ ಸೂಚನೆ: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಈ ಮೂರನ್ನು ಡೊಮೈನ್ ದಾಖಲೆಯಲ್ಲಿ ಬರೆದಿರಬೇಕು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಮೂರೂ ಕಡ್ಡಾಯ, ಪ್ರಚಾರದ ಪತ್ರಗಳಲ್ಲಿ ಒಂದೇ ಒತ್ತಿಗೆ ಹೊರಬರುವ ದಾರಿಯೂ ಕಡ್ಡಾಯ. ಸ್ಪ್ಯಾಮ್ ಎಂದು ಗುರುತಿಸುವವರ ಪ್ರಮಾಣ ಶೇ 0.3 ಮುಟ್ಟಬಾರದು. ಸಣ್ಣವರು ಇಷ್ಟು ಸಂಖ್ಯೆ ಮುಟ್ಟುವುದಿಲ್ಲ, ಸಾಮಾನ್ಯ ಜಿಮೇಲ್ ಖಾತೆಗೆ ದಿನಕ್ಕೆ 500ರ ಮಿತಿಯೇ ಇದೆ. ಆದರೂ ಮೂರನ್ನೂ ಮಾಡಿಸಿಟ್ಟುಕೊಳ್ಳುವುದು ಕ್ಷೇಮ. ವಿಳಾಸವೇ ಇಲ್ಲ ಎಂದು 5ರಿಂದ ಶುರುವಾಗುವ ಸಂಖ್ಯೆಯ ಉತ್ತರ ಬಂದರೆ ಆ ವಿಳಾಸಕ್ಕೆ ಮತ್ತೆಂದೂ ಬರೆಯಬೇಡಿ. 4ರಿಂದ ಶುರುವಾದರೆ ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸಬಹುದು.

ನಮ್ಮ ಕಾನೂನೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲು ಬರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಇರಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಭಟ್ಕಳದಲ್ಲಿ 1980ರಿಂದ ಅಂಜುಮನ್ ಎಂಜಿನಿಯರಿಂಗ್ ಕಾಲೇಜಿದೆ. ಹೊನ್ನಾವರ, ಕುಮಟಾದಲ್ಲಿ ಪದವಿ ಕಾಲೇಜುಗಳಿವೆ. ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ಎಲ್ಲಿಂದಲೋ ಎತ್ತಿದ ಹಾಜರಿ ಪುಸ್ತಕದ ಸಾಫ್ಟ್‌ವೇರ್ ಒಪ್ಪಿಸುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಈ ಮಳೆಗಾಲದಲ್ಲಿ ನಿಮ್ಮ ಊರಿನ ಒಂದು ಹೋಮ್‌ಸ್ಟೇಗೆ, ಒಂದು ದೋಣಿಯವರ ಮನೆಗೆ ಹೋಗಿ. ಅಲ್ಲಿ ಫೋನ್ ಎತ್ತುವವರು ಯಾರು ಎಂದು ನೋಡಿ. ತಡೆಹಿಡಿಯುವ ಸ್ವಿಚ್ಚನ್ನೂ "ಬರ್ತಾರೆ", "ಬರೋದಿಲ್ಲ" ಗುಂಡಿಗಳನ್ನೂ ಮೊದಲು ಕಟ್ಟಿ, ಪತ್ರ ಕಳುಹಿಸುವ ಸಾಲನ್ನು ಆಮೇಲೆ ಬರೆಯಿರಿ. ನಿಮ್ಮದೇ ವಿಳಾಸಕ್ಕೆ ಒಂದು ತಿಂಗಳು ಕಳುಹಿಸಿಕೊಂಡು, ನಡುವೆ ಕಂಪ್ಯೂಟರಿನ ಪ್ಲಗ್ ಕಿತ್ತು, ಏನಾಗುತ್ತದೆ ನೋಡಿ. ಸರಿ ಅನ್ನಿಸಿದರೆ ನವರಾತ್ರಿಯ ಮುಂಚೆ ಅವರ ಕೈಗೆ ಕೊಡಿ, ಸೀಸನ್ ಶುರುವಾಗುವುದು ಆಗಲೇ.